ತುಂಬದ ಡ್ಯಾಮಿಗೆ ಬಾಗಿನ

ಆಗಸ್ಟ್ ಹದಿನಾಲ್ಕು. ಬೆಳಿಗ್ಗೆಯಿಂದಲೇ ಚುರುಚುರು ಬಿಸಿಲು, ಆಕಾಶದಲ್ಲಿ ಒಂದೂ ಮೋಡವಿಲ್ಲ. ಊರಿಗೆ ಕುಡಿಯುವ ನೀರು ಕೊಡುವ ಡ್ಯಾಮು ತುಂಬಲು ಇನ್ನೂ ಆರಡಿ ಬೇಕಿತ್ತು. ಆದರೂ ಪುರಸಭೆ ಅಧ್ಯಕ್ಷ ಪಂಪಣ್ಣನವರು ರೇಷ್ಮೆ ಸೀರೆ, ಹಸಿರು ಬಳೆಯಿಟ್ಟ ಮೊರ ಹೊರಿಸಿಕೊಂಡು, ಫೋಟೋದವನ ಸಮೇತ ಬಾಗಿನ ಕೊಡಲು ಬಂದೇಬಿಟ್ಟರು.

"ಗೇಟು ತೆಗಿಯಯ್ಯಾ. ಫೋಟೋದಲ್ಲಿ ನನ್ನ ಹಿಂದೆ ನೀರು ಧುಮುಕಬೇಕು."

ಗೇಟು ಕಾಯುವ ನೀರಗಂಟಿ ಡ್ಯಾಮಿನ ನೀರಿನ ಮಟ್ಟದತ್ತ ನೋಡಿದ. ಅರ್ಧ ಗಂಟೆ ತೆಗೆದರೆ ಬೇಸಿಗೆಯ ಒಂದು ತಿಂಗಳ ನೀರು ಹೊಳೆಪಾಲು. ಆದರೂ ಕೈಮುಗಿದ.

"ತೆಗಿತೀನಿ ಸ್ವಾಮಿ. ಬಾಗಿನದ ಮಾರನೇ ದಿನದಿಂದ ನಲ್ಲೀಲಿ ದಿನಾ ನೀರು ಬಿಡೋದು ನಮ್ಮೂರ ವಾಡಿಕೆ. ಈಗ ಬಿಡ್ತಿರೋದು ಐದು ದಿನಕ್ಕೊಂದ್ಸಲ. ನಾಳೆ ನೀರು ಬರದೆ ಹೆಂಗಸರು ಕೊಡ ಹಿಡಿದು ಬಂದ್ರೆ, ಯಾರ ಮನೆಗೆ ಹೋಗಿ ಅನ್ನಲಿ? ತಮ್ಮ ಅಂಗಳವೇ ದೊಡ್ಡದು."

ಅಧ್ಯಕ್ಷರು ಕೆಮ್ಮಿದರು. ಫೋಟೋದವನಿಗೆ, "ಕ್ಯಾಮೆರಾ ಒಳಗಿಡಯ್ಯಾ" ಎಂದರು. "ಮಳೆ ಬರಲಿ, ಆಮೇಲೆ ನೋಡೋಣ. ಮೊರ ಕಾರಲ್ಲಿಡು."

ನೀರಗಂಟಿ ಮೊರಕ್ಕೆ ಅಡ್ಡ ಕೈಯೊಡ್ಡಿದ.

"ನೀರಿನ ದಡಕ್ಕೆ ತಂದ ಬಾಗಿನ ವಾಪಸ್ ಮನೆಗೆ ಒಯ್ತಾರಾ ಸ್ವಾಮಿ? ನಾಳಿದ್ದು ನನ್ನ ಮಗಳ ಸೀಮಂತ."

ಅಧ್ಯಕ್ಷರು ಬರಿಗೈಲಿ ಕಾರು ಹತ್ತಿದರು. ಸೀಮಂತದ ದಿನ ಮಗಳು ಮೊರದಲ್ಲಿದ್ದ ಹಸಿರು ಬಳೆ ತೊಟ್ಟು, ಅಧ್ಯಕ್ಷರ ರೇಷ್ಮೆ ಸೀರೆ ಉಟ್ಟು ಹಸೆಯ ಮೇಲೆ ಕೂತಳು.