ಹನ್ನೊಂದು ಮಂದಿ ಅಂಬಿಗರ ಹೊಳೆ

‘ಸರ್, ಇಷ್ಟು ಜನ ದೊಡ್ಡವರು ಹೇಳಿ ಮುಗಿಸಿದ ಮೇಲೆ ನಾನು ಹೇಳುವುದಕ್ಕೆ ಏನು ಉಳಿದಿದೆ?’ ಎಂದು ಶಿವಲೀಲಾ ಕೇಳಿದಳು.

ಅವಳು ಜೋಗುಳದ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಪೂರ್ವ ಅಧ್ಯಯನಗಳ ಸಮೀಕ್ಷೆಯ ಅಧ್ಯಾಯವನ್ನು ಮೂರನೆಯ ಸಲ ಬರೆದು ತಂದಿದ್ದಳು. ಎಪ್ಪತ್ತು ಪುಟ. ಒಬ್ಬರು ಹೀಗೆ ಹೇಳಿದ್ದಾರೆ, ಇನ್ನೊಬ್ಬರು ಹಾಗೆ ಹೇಳಿದ್ದಾರೆ ಎಂಬುದೇ ಕೊನೆಯ ತನಕ. ಅದರ ಜೊತೆಗೆ ಒಂದು ಅರ್ಜಿಯೂ ಇತ್ತು: ನೋಂದಣಿ ರದ್ದು ಮಾಡಬೇಕು. ಮಾರ್ಗದರ್ಶಕರ ಸಹಿ ಮಾತ್ರ ಬಾಕಿ.

ಮಾರ್ಗದರ್ಶಕರಾದ ಹೊನ್ನಪ್ಪ ಮೇಷ್ಟ್ರು ಅರ್ಜಿ ಓದಿದರು. ‘ಪರವಾಗಿಲ್ಲ, ಇದರಲ್ಲಾದರೂ ನೀನೇ ಮಾತಾಡಿದ್ದೀಯ,’ ಎಂದು ನಕ್ಕರು. ಅವಳ ಕಣ್ಣು ತುಂಬಿದ್ದು ಕಂಡು ಅವರಿಗೆ ಕೆಡುಕೆನಿಸಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ‘ಸಹಿ ಆಮೇಲೆ. ಒಂದು ಕತೆ ಕೇಳು.’

ಒಂದು ಹೊಳೆಯ ದಡಕ್ಕೆ ಒಬ್ಬ ಅಂಬಿಗ ಹೊಸದಾಗಿ ಬಂದ. ದೋಣಿ ನಡೆಸುವುದು ಗೊತ್ತಿತ್ತು, ಆ ಹೊಳೆ ಗೊತ್ತಿರಲಿಲ್ಲ. ಊರಿನಲ್ಲಿ ಹನ್ನೊಂದು ಮಂದಿ ಹಳೆಯ ಅಂಬಿಗರಿದ್ದರು. ಎಲ್ಲರೂ ಕೈಸೋತು ಮನೆ ಹಿಡಿದವರು. ಇವನು ಒಬ್ಬೊಬ್ಬರ ಮನೆಗೂ ಹೋಗಿ ಕೈಕಟ್ಟಿ ಕುಳಿತು ದಾರಿ ಕೇಳಿಕೊಂಡ. ಒಬ್ಬ, ನಡುಬಂಡೆಯ ಎಡಕ್ಕೆ ಹೋಗು ಎಂದ. ಇನ್ನೊಬ್ಬ, ಎಡಕ್ಕೆ ಹೋದೆಯೋ ಕೆಟ್ಟೆ, ಬಲಕ್ಕೆ ಹೋಗು ಎಂದ. ಹೀಗೆ ಹನ್ನೊಂದು ಮಾತು. ಅವನು ಎಲ್ಲವನ್ನೂ ಬಾಯಿಪಾಠ ಮಾಡಿದ.

ಆಮೇಲೆ ನೆರೆ ಬಂತು. ನೆರೆ ಇಳಿದ ಮರುದಿನ ಬೆಳಿಗ್ಗೆ ಒಬ್ಬ ಮುದುಕಿ, ಹೆರಿಗೆಯ ನೋವು ತಿನ್ನುತ್ತಿದ್ದ ಮಗಳನ್ನು ಕರೆದುಕೊಂಡು ದಡಕ್ಕೆ ಬಂದಳು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಅಂಬಿಗ ಇಬ್ಬರನ್ನೂ ದೋಣಿಗೆ ಹತ್ತಿಸಿಕೊಂಡ. ಹಗ್ಗ ಮಾತ್ರ ಬಿಚ್ಚಲಿಲ್ಲ. ‘ಹಿರಿಯರೊಬ್ಬರು ಎಡಕ್ಕೆ ಅಂದರು ತಾಯಿ. ಇನ್ನೊಬ್ಬರು ಬಲಕ್ಕೆ ಅಂದರು. ಮೂರನೆಯವರು...’ ಎಂದು ಶುರುಮಾಡಿ ಏಳನೆಯವರ ತನಕ ಹೇಳಿದ. ಮಗಳು ದೋಣಿಯ ಅಂಚು ಹಿಡಿದು ನರಳುತ್ತಿದ್ದಳು.

ಮುದುಕಿ ಬೈಯಲಿಲ್ಲ. ಅವನು ಹೆದರಿದ್ದಾನೆಂದು ಅವಳಿಗೆ ಗೊತ್ತಾಗಿತ್ತು. ‘ಅಲ್ಲಪ್ಪಾ, ಎಡಕ್ಕೆ ಅಂದವರು ಯಾವ ಕಾಲದ ನೀರು ನೋಡಿ ಅಂದರು?’ ಎಂದು ಮೆಲ್ಲಗೆ ಕೇಳಿದಳು.

ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಎಡಕ್ಕೆ ಎಂದವನು ಬೇಸಿಗೆಯಲ್ಲಿ ಮಾತ್ರ ದೋಣಿ ಹಾಕುತ್ತಿದ್ದವನು. ಬಲಕ್ಕೆ ಎಂದವನು ಮಳೆಗಾಲದವನು. ಅವರಿಬ್ಬರಲ್ಲಿ ಜಗಳವೇ ಇರಲಿಲ್ಲ. ಉಳಿದವರ ಮಾತನ್ನೂ ಹಾಗೆಯೇ ಹೊಂದಿಸಿ ನೋಡಿದ. ಈ ನೀರಿಗೆ ಬಂಡೆಯ ಬಲಗಡೆಯೇ ದಾರಿ ಎಂದು ತಿಳಿಯಿತು. ಆದರೆ ಬಂಡೆಯಾಚೆ ನೆರೆ ಹೊಸ ಮರಳು ತಂದು ಹಾಕಿತ್ತು. ಅದನ್ನು ಹನ್ನೊಂದು ಮಂದಿಯಲ್ಲಿ ಒಬ್ಬನೂ ಕಂಡಿರಲಿಲ್ಲ. ಅದು ಅವರ ತಪ್ಪೂ ಅಲ್ಲ.

ಅವನು ಹಗ್ಗ ಬಿಚ್ಚಿದ. ಬಂಡೆಯ ತನಕ ಹಿರಿಯರನ್ನು ನಂಬಿ ಹೋದ. ಅಲ್ಲಿಂದಾಚೆ ಬಿದಿರಿನ ಗಳವನ್ನು ನೀರಿಗಿಳಿಸಿ, ತಳ ಮುಟ್ಟಿ ನೋಡುತ್ತಾ, ಹೆದರುತ್ತಲೇ ಹೋದ. ಹೊತ್ತು ನೆತ್ತಿಗೇರುವ ಮೊದಲು ಸೂಲಗಿತ್ತಿಯ ಮನೆಯಲ್ಲಿ ಮಗು ಅತ್ತಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಶಿವಲೀಲಾ ಕಣ್ಣೊರೆಸಿಕೊಂಡಳು.

‘ನನಗೆ ಅಷ್ಟು ಧೈರ್ಯ ಇಲ್ಲ ಸರ್. ನಾನು ತಪ್ಪಿದರೆ?’

‘ಸಹಿ ಬೇಕಾದರೆ ಈಗಲೇ ಹಾಕುತ್ತೇನಮ್ಮಾ, ಆದರೆ ನಾಳೆ ಹೊಸಬಳೊಬ್ಬಳು ನಿನ್ನ ಮುಂದೆ ಕುಳಿತು ಬಂಡೆಯಾಚೆಯ ದಾರಿ ಕೇಳಿದರೆ, ಅವಳಿಗೆ ಏನು ಹೇಳಿ ಕಳಿಸುತ್ತೀ?’