ಕೆಂಪು ಬಟ್ಟೆ ಯಾರ ಕೈಯಲ್ಲಿತ್ತು

"ಗುರುಗಳೇ, ತಪ್ಪು ಪೂರ್ತಿ ಇನ್ನೊಬ್ಬನದು ಎಂದು ತೀರ್ಪಾದ ಮೇಲೂ ನಮ್ಮ ಮನಸ್ಸು ಯಾಕೆ ಸುಮ್ಮನಿರುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಹಗ್ಗ ಹೊಸೆಯುತ್ತಿದ್ದರು. ಹಗ್ಗದ ಇನ್ನೊಂದು ತುದಿ ಶಿಷ್ಯನ ಕೈಯಲ್ಲಿತ್ತು. ಅವರು ತಲೆ ಎತ್ತಲಿಲ್ಲ.

"ಯಾವ ತೀರ್ಪು?"

"ನಮ್ಮ ಅಣ್ಣನ ಅಪಘಾತದ ಕೇಸಿನದು. ಕುಡಿದು ಕಾರು ಓಡಿಸಿದವನೇ ಹೊಣೆ ಎಂದು ನಿನ್ನೆ ಹೇಳಿದರು. ವಿಮೆಯವರೂ ಒಪ್ಪಿಕೊಂಡರು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿದೆ. ಅಣ್ಣ ಮಲಗಿದ ಕಡೆಯಿಂದಲೇ ನನ್ನನ್ನು ನೋಡಿ ನಗುತ್ತಾನೆ. ನನಗೆ ಮಾತ್ರ ಅವನ ಮುಖ ನೋಡಲು ಆಗುತ್ತಿಲ್ಲ."

"ಯಾಕೆ?"

ಶಿಷ್ಯನ ಕೈಯಲ್ಲಿ ಹಗ್ಗದ ತುದಿ ಸಡಿಲಾಯಿತು.

"ತುದಿ ಬಿಗಿಯಾಗಿ ಹಿಡಿ," ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನಿಗೆ ಒಬ್ಬಳು ಹೆಂಡತಿ, ಅರವತ್ತು ಕುರಿ. ಮಕ್ಕಳಿರಲಿಲ್ಲ. ವರ್ಷದ ಎಂಟು ತಿಂಗಳು ಅವರು ಮೇವು ಹುಡುಕಿಕೊಂಡು ಊರಿಂದೂರಿಗೆ ನಡೆಯುತ್ತಿದ್ದರು.

ಡಾಂಬರು ರಸ್ತೆಗೆ ಬಂದಾಗ ಅವರದೊಂದು ಕ್ರಮವಿತ್ತು. ಹೆಂಡತಿ ಮಂದೆಯ ಮುಂದೆ, ಗಂಡ ಮಂದೆಯ ಹಿಂದೆ. ಮುಂದಿನವಳ ಕೆಲಸ ಕರೆಯುವುದು. ಹಿಂದಿನವನ ಕೆಲಸ ಕಾಯುವುದು. ಕುರಿಗಳಿಗೆ ಅವಳ ದನಿ ಗೊತ್ತಿತ್ತು. ಅವಳು ಕರೆದರೆ ರಸ್ತೆಯ ಅಂಚು ಹಿಡಿದು ಸಾಲಾಗಿ ಹೋಗುತ್ತಿದ್ದವು. ಗಂಡನ ಬಳಿ ಒಂದು ಕೆಂಪು ಬಟ್ಟೆ ಇರುತ್ತಿತ್ತು. ಹಿಂದಿನಿಂದ ಗಾಡಿಯ ಸದ್ದಾದರೆ ಅವನು ತಿರುಗಿ ನಿಂತು ಅದನ್ನು ಬೀಸುತ್ತಿದ್ದ. ಗಾಡಿ ನಿಧಾನವಾಗುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆದರು. ಒಂದು ಕುರಿಯ ಕಾಲೂ ಮುರಿದಿರಲಿಲ್ಲ.

ಒಂದು ದಿನ ಬೆಳಗಿನ ಜಾವ ಒಂದು ಕುರಿ ಈಯಿತು. ಹೊರಡುವ ಹೊತ್ತಿಗೆ ಹೆಂಡತಿ ತಡೆದಳು.

"ಬಾಣಂತಿ ಕುರಿ ರೀ. ಇವತ್ತೊಂದು ದಿನ ಇಲ್ಲೇ ಇರೋಣ."

"ಇಲ್ಲೇನು ಮೇವಿದೆ? ಮಣ್ಣು ತಿನ್ನುತ್ತವಾ? ನಡಿ."

"ಹೆತ್ತವರ ಸಂಕಟ ನಿಮಗೇನು ಗೊತ್ತು?"

"ನಿನಗೆ ಗೊತ್ತೋ?"

ಅವಳು ಮರಿಯನ್ನು ಎತ್ತಿ ಎದೆಗೆ ಹಿಡಿದುಕೊಂಡಳು.

ಆಡಬಾರದ ಮಾತು ಆಡಿದೆ ಎಂದು ಅವನಿಗೆ ಆಗಲೇ ಗೊತ್ತಾಯಿತು. ಗೊತ್ತಾದದ್ದರಿಂದ ಸಿಟ್ಟು ಹೆಚ್ಚಾಯಿತು. ಅವಳ ಮುಖ ನೋಡಲಾರದೆ ದಾಪುಗಾಲು ಹಾಕಿ ಮಂದೆಯ ಮುಂದೆ ಹೋದ. ಅವಳು ಹಿಂದೆ ಉಳಿದಳು. ಬಾಣಂತಿ ಕುರಿ ನಿಧಾನ, ಅದರ ಜೊತೆ ಅವಳೂ ನಿಧಾನ. ಎರಡೂ ಕೈಯಲ್ಲಿ ಮರಿ. ಕೆಂಪು ಬಟ್ಟೆ ಅವನ ಹೆಗಲ ಮೇಲೇ ಇತ್ತು.

ರಸ್ತೆ ಸಿಕ್ಕಿತು. ಅವನು ಕರೆದ. ಕುರಿಗಳು ಆ ದನಿಗೆ ಬಗ್ಗಲಿಲ್ಲ. ರಸ್ತೆಯ ತುಂಬ ಹರಡಿಕೊಂಡವು.

ಹಿಂದಿನಿಂದ ಗಾಡಿಯ ಸದ್ದು ಬಂತು. ಅವನಿಗೆ ಕೇಳಿಸಿತು. ತಿರುಗಲಿಲ್ಲ. ತಾನೇ ಮೊದಲು ತಿರುಗಿ ನೋಡಬಾರದು ಎಂದು ಹಟ ಹಿಡಿದಿದ್ದ.

ಅದೊಂದು ಟೆಂಪೊ. ನೇರ ಮಂದೆಯೊಳಗೆ ನುಗ್ಗಿತು. ಓಡಿಸುತ್ತಿದ್ದವನು ಕುಡಿದಿದ್ದ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಅವನಿಗೆ ಆಗಲೇ ಕಾಲು ನಿಲ್ಲುತ್ತಿರಲಿಲ್ಲ. ಕೆಳಗಿಳಿದು ಚಕ್ರಕ್ಕೆ ಒರಗಿ ಕೂತು, "ಇಷ್ಟು ಕುರಿ ಎಲ್ಲಿಂದ ಬಂದವು?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ.

ಹನ್ನೊಂದು ಕುರಿ ಸತ್ತವು. ಹೆಂಡತಿ ರಸ್ತೆ ಬದಿಯ ತಗ್ಗಿನಲ್ಲಿ ಬಿದ್ದಿದ್ದಳು. ಮರಿ ಅವಳ ತೋಳಿನೊಳಗೇ ಇತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಕುರಿಗಳಿಗೆ ವಿಮೆ ಇತ್ತು. ಒಂದೊಂದರ ಕಿವಿಗೂ ಹಳದಿ ಬಿಲ್ಲೆ ಹೊಡೆದಿದ್ದರು. ಬಿಲ್ಲೆಯ ಸಮೇತ ಕಿವಿ ತಂದು ತೋರಿಸಬೇಕು, ಇಲ್ಲದಿದ್ದರೆ ನಾವು ಬಿಲ್ಲೆ ಹೊಡೆದ ಕುರಿಯೇ ಸತ್ತಿತು ಎಂದು ಹೇಗೆ ನಂಬುವುದು ಎಂದು ವಿಮೆಯವರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಅವನು ಸಂಜೆ ರಸ್ತೆಗೆ ಮರಳಿ ಬಂದ. ಹನ್ನೊಂದು ಕಿವಿ ಕೊಯ್ದ. ಅವಳಿಗೆ ಎಚ್ಚರ ಬಂದಾಗ ಹತ್ತಿರ ಯಾರೂ ಇರಲಿಲ್ಲ.

ಕುರಿಗಳ ವಿಚಾರ ಒಂದು ತಿಂಗಳಲ್ಲಿ ಮುಗಿಯಿತು. ಹೆಂಡತಿಯ ವಿಚಾರಕ್ಕೆ ಮೂರು ವರ್ಷ ಹಿಡಿಯಿತು. ಅವಳ ಕಿವಿಗೆ ಬಿಲ್ಲೆ ಇರಲಿಲ್ಲ.

ಅವಳ ಎರಡು ಕಾಲೂ ಹೋದವು. ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಇನ್ನೊಂದು ಹೋಗಿತ್ತು. ಆ ದಿನದ ನೆನಪು. ಹಿಂದಿನ ದಿನ ಮಲಗುವವರೆಗಿನದು ನೆನಪಿತ್ತು. ಬೆಳಗಿನದು ಯಾವುದೂ ಇರಲಿಲ್ಲ. ಗಂಡನನ್ನು ಅವಳು ಮೊದಲು ಕೇಳಿದ್ದು, "ಆ ಕುರಿ ಈಯಿತಾ?" ಎಂದು.

"ಈಯಿತು. ಹೆಣ್ಣು ಮರಿ," ಎಂದ.

ತಾನು ಆಡಿದ ಮಾತು ಅವಳಿಗೆ ನೆನಪಿಲ್ಲ ಎಂದು ತಿಳಿದು ಅವನ ಜೀವ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಟೆಂಪೊದ ವಿಮೆಯವರು ಬೇರೆ. ಅವರು ಸುಲಭಕ್ಕೆ ಒಪ್ಪಲಿಲ್ಲ. ಓಡಿಸಿದವನು ಕುಡಿದದ್ದು ನಿಜ. ಆದರೆ ಕುರಿಗಳು ರಸ್ತೆಯ ತುಂಬ ಇದ್ದವು. ಹಿಂದೆ ಇದ್ದ ಹೆಂಗಸು ಗಾಡಿಗೆ ಯಾವ ಗುರುತೂ ತೋರಿಸಲಿಲ್ಲ. ಹಾಗಾಗಿ ಅರ್ಧ ತಪ್ಪು ಅವರದೇ ಎಂದು ವಾದಿಸಿದರು.

ಕುರಿಗಾಹಿಯ ವಕೀಲ ಅವನನ್ನು ಪಕ್ಕಕ್ಕೆ ಕರೆದ.

"ರಸ್ತೆಯಲ್ಲಿ ಕೆಂಪು ಬಟ್ಟೆ ಬೀಸುವ ರೂಢಿ ಉಂಟಲ್ಲ ನಿಮ್ಮಲ್ಲಿ. ಅವತ್ತು ಬಟ್ಟೆ ಎಲ್ಲಿತ್ತು?"

"ನನ್ನ ಹೆಗಲ ಮೇಲೆ ಸ್ವಾಮಿ."

"ಅದನ್ನು ಇನ್ನೊಂದು ಸಲ ಹೇಳಬೇಡ. ನಿನ್ನ ಹೆಂಡತಿಯ ಕೈಯಲ್ಲಿತ್ತು."

"ಅವಳ ಕೈಯಲ್ಲಿ ಮರಿ ಇತ್ತು."

"ಮರಿ ಬಂದು ಸಾಕ್ಷಿ ಹೇಳುತ್ತಾ? ಹೆಗಲ ಮೇಲಿತ್ತು ಅಂದರೆ ಅರ್ಧ ದುಡ್ಡು ಹೋಗುತ್ತೆ ಮಾರಾಯ. ಬದುಕಿರೋವರೆಗೂ ಅವಳನ್ನು ಮಂಚದ ಮೇಲಿಟ್ಟು ನೋಡಿಕೊಳ್ಳಬೇಕು. ಏನಿಟ್ಟುಕೊಂಡು ನೋಡ್ತೀಯ?"

ವಕೀಲ ಕೆಟ್ಟವನಲ್ಲ. ಕೇಳಿದ ಪ್ರಶ್ನೆಯೂ ಸುಳ್ಳಲ್ಲ. ಕುರಿಗಾಹಿ ಕಟಕಟೆಯಲ್ಲಿ ನಿಂತು, ಬಟ್ಟೆ ಹೆಂಡತಿಯ ಕೈಯಲ್ಲಿತ್ತು ಎಂದ.

ಆಮೇಲೆ ಟೆಂಪೊ ಓಡಿಸಿದವನನ್ನು ನಿಲ್ಲಿಸಿದರು. ಕೋರ್ಟಿಗೆ ಬಂದ ದಿನ ಅವನು ಕುಡಿದಿರಲಿಲ್ಲ. ಕೆಂಪು ಬಟ್ಟೆ ನೋಡಿದೆಯಾ ಎಂದು ಅವನನ್ನು ಕೇಳಿದರು.

"ಇತ್ತೋ ಇಲ್ಲವೋ ಗೊತ್ತಿಲ್ಲ ಸ್ವಾಮಿ. ಇದ್ದಿದ್ದರೂ ನನಗೆ ಕಾಣಿಸುತ್ತಿರಲಿಲ್ಲ. ಕುರಿಗಳೇ ಕಾಣಿಸಲಿಲ್ಲ," ಎಂದ.

ಆ ಕೋಣೆಯಲ್ಲಿ ನಿಜ ಹೇಳಿದವನು ಅವನೊಬ್ಬನೇ.

ತಪ್ಪು ಪೂರ್ತಿ ಕುಡಿದವನದು ಎಂದು ತೀರ್ಪಾಯಿತು. ಅದು ಸರಿಯಾದ ತೀರ್ಪು. ಬಟ್ಟೆ ಯಾರ ಬಳಿ ಇದ್ದರೂ ಟೆಂಪೊ ನಿಲ್ಲುತ್ತಿರಲಿಲ್ಲ. ವಿಮೆಯವರು ಕೊಡಬೇಕಾದದ್ದನ್ನು ಕೊಟ್ಟರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಕುರಿಗಾಹಿ ಮನೆಗೆ ಬಂದು ಹೆಂಡತಿಗೆ ತೀರ್ಪು ತಿಳಿಸಿದ. ಅವಳು ಕೇಳಿದಳು: "ನನ್ನ ಕೈಯಲ್ಲಿ ಬಟ್ಟೆ ಇತ್ತಂತೆ, ಹೌದಾ? ಪಕ್ಕದ ಮನೆಯವರು ಕೋರ್ಟಿಗೆ ಬಂದಿದ್ದರಲ್ಲ, ಹೇಳಿದರು."

ಕಟಕಟೆಯಲ್ಲಿ ಹೇಳಿದ್ದನ್ನು ಮನೆಯಲ್ಲಿ ಇಲ್ಲ ಎನ್ನುವುದು ಹೇಗೆ? ಇಲ್ಲ ಎಂದರೆ, ನೀವೇಕೆ ಮುಂದೆ ಹೋಗಿದ್ದಿರಿ ಎಂದು ಅವಳು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಆ ಮಾತನ್ನು ಇನ್ನೊಮ್ಮೆ ಬಾಯಲ್ಲಿ ಆಡಬೇಕು.

"ಹೌದು," ಎಂದ.

"ಇದ್ದೂ ನಾನು ಬೀಸಲಿಲ್ಲವಾ? ಬೀಸಿದ್ದರೆ ಗಾಡಿ ನಿಧಾನವಾಗುತ್ತಿತ್ತಲ್ಲ."

"ಬೀಸಿದ್ದರೂ ಅವನು ನಿಲ್ಲಿಸುತ್ತಿರಲಿಲ್ಲ. ತಪ್ಪು ಅವನದೇ. ಕೋರ್ಟೇ ಹೇಳಿದೆ."

"ಕೋರ್ಟಿಗೇನು ಗೊತ್ತು ಕುರಿ ಕಾಯೋದು?" ಎಂದಳು. "ಹನ್ನೊಂದು ಜೀವ. ಕೈಯಲ್ಲಿ ಬಟ್ಟೆ ಹಿಡಕೊಂಡು ನಾನು ಏನು ಮಾಡುತ್ತಿದ್ದೆ?"

ಅಂದಿನಿಂದ ಅವಳು ಅದನ್ನೇ ಹಿಡಿದಳು. ಅವನು ಊಟ ಹಾಕಿದರೆ, "ನನ್ನಿಂದ ನಿಮಗೆ ಈ ಗತಿ ಬಂತು," ಎನ್ನುತ್ತಿದ್ದಳು. ಅವನು ಮೈ ಒರೆಸಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಊರವರು ಬಂದು ಕುಡುಕನನ್ನು ಬೈದರೆ ಅವಳು ಸೇರುತ್ತಿರಲಿಲ್ಲ. "ಅವನಿಗೆ ಪ್ರಜ್ಞೆ ಇರಲಿಲ್ಲ. ನನಗೆ ಇತ್ತಲ್ಲ," ಎನ್ನುತ್ತಿದ್ದಳು. ಅವಳ ಮಂಚ ಬಾಗಿಲಿನ ಹತ್ತಿರ ಇತ್ತು. ಹೊರಗೆ ರಸ್ತೆಯಲ್ಲಿ ಗಾಡಿಯ ಸದ್ದಾದರೆ ಅವಳ ಬಲಗೈ ತಾನಾಗಿ ಮೇಲೇಳುತ್ತಿತ್ತು. ಖಾಲಿ ಕೈಯನ್ನು ಎರಡು ಸಲ ಬೀಸಿ ಕೆಳಗಿಡುತ್ತಿದ್ದಳು.

ಅವನು ಅದನ್ನು ದಿನವೂ ನೋಡಿದ. ಇವತ್ತು ಹೇಳುತ್ತೇನೆ ಎಂದು ದಿನವೂ ಅಂದುಕೊಂಡ. ಅವಳಿಗೆ ಜ್ವರ ಬಂದರೆ, ವಾಸಿಯಾಗಲಿ, ಹೇಳುತ್ತೇನೆ ಎಂದುಕೊಂಡ. ವಾಸಿಯಾದರೆ, ಈಗ ತಾನೆ ಚೇತರಿಸಿಕೊಂಡಿದ್ದಾಳೆ, ಯಾಕೆ ನೋಯಿಸಲಿ ಎಂದುಕೊಂಡ. ಅವನು ಅವಳನ್ನು ಚೆನ್ನಾಗಿ ನೋಡಿಕೊಂಡ. ಅದರಲ್ಲಿ ಕೊರತೆ ಇರಲಿಲ್ಲ. ಬೆನ್ನಿಗೆ ಒಂದು ಹುಣ್ಣಾಗಲು ಬಿಡಲಿಲ್ಲ. ಆ ಮರಿ ಬೆಳೆದು ಕುರಿಯಾಗಿತ್ತು. ಅದನ್ನು ಮಾರದೆ ಅವಳ ಮಂಚದ ಕಾಲಿಗೇ ಕಟ್ಟಿದ. ಅವಳು ಅದರ ತಲೆ ಸವರುತ್ತಿದ್ದಳು. ತಾನು ಎದೆಗವಚಿಕೊಂಡು ಉಳಿಸಿದ ಮರಿ ಅದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದರೆ, ಕೈಯಲ್ಲಿ ಮರಿ ಇದ್ದ ಮೇಲೆ ಬಟ್ಟೆ ಹೇಗಿತ್ತು ಎಂದು ಕೇಳಿಬಿಡುತ್ತಾಳೆ. ಅದಕ್ಕೇ ಅದನ್ನೂ ಹೇಳಲಿಲ್ಲ.

ನಾಲ್ಕನೆಯ ವರ್ಷ ಅವಳು ಸತ್ತಳು. ಸಾಯುವ ದಿನ ಅವನ ಕೈ ಹಿಡಿದುಕೊಂಡು, "ತಪ್ಪಾಯಿತು ರೀ," ಎಂದಳು. ಅವನು ಬಾಯಿ ತೆರೆದ. "ಸುಮ್ಮನೆ ಮಲಗು," ಎಂದ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವನು ಕೆಂಪು ಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಟ. ಟೆಂಪೊ ಓಡಿಸಿದವನ ಊರು ಹುಡುಕಿಕೊಂಡು ಹೋದ. ಅವನು ಈಗ ಒಂದು ಅಂಗಡಿಯ ಮುಂದೆ ಮೂಟೆ ಇಳಿಸುತ್ತಿದ್ದ. ಕುರಿಗಾಹಿಯನ್ನು ಕಂಡು ಮೂಟೆ ಕೆಳಗೆ ಹಾಕಿ ನಿಂತ. ಹೊಡೆಯಲು ಬಂದಿದ್ದಾನೆ ಎಂದುಕೊಂಡ. ಓಡಲಿಲ್ಲ.

"ಬಟ್ಟೆ ಅವಳ ಕೈಯಲ್ಲಿರಲಿಲ್ಲ," ಎಂದ ಕುರಿಗಾಹಿ. "ನನ್ನ ಹೆಗಲ ಮೇಲಿತ್ತು. ಗಾಡಿ ಸದ್ದು ಕೇಳಿಸಿತ್ತು. ನಾನು ತಿರುಗಲಿಲ್ಲ."

ಟೆಂಪೊ ಓಡಿಸಿದವನು ಅವನ ಹೆಗಲ ಮೇಲಿನ ಬಟ್ಟೆ ನೋಡಿದ. "ನಾನು ಆವತ್ತೇ ಹೇಳಿದ್ದೆನಲ್ಲ ಅಣ್ಣಾ. ಬಟ್ಟೆ ಇದ್ದಿದ್ದರೂ ನನಗೆ ಕಾಣಿಸುತ್ತಿರಲಿಲ್ಲ. ತಪ್ಪು ನನ್ನದೇ. ಇದನ್ನು ನನಗೆ ಯಾಕೆ ಹೇಳುತ್ತೀರಿ?"

"ಮತ್ತೆ ಯಾರಿಗೆ ಹೇಳಲಿ?" ಎಂದ ಕುರಿಗಾಹಿ.

ಇಬ್ಬರೂ ಆ ಮೂಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು. ಅಂಗಡಿಯವನು ಕೂಗಿದ. ಒಬ್ಬ ಮೂಟೆ ಹೊತ್ತುಕೊಂಡು ಒಳಗೆ ಹೋದ. ಇನ್ನೊಬ್ಬ ಬಂದ ದಾರಿ ಹಿಡಿದ.

ಗುರು ಕತೆ ನಿಲ್ಲಿಸಿದರು. ಹಗ್ಗ ಒಂದು ಮಾರಿನಷ್ಟು ಆಗಿತ್ತು.

ಶಿಷ್ಯ ಕೇಳಿದ: "ಹಾಗಾದರೆ ಆ ಕುರಿಗಾಹಿಯ ತಪ್ಪು ಎಷ್ಟು, ಗುರುಗಳೇ?"

ಗುರು ಅವನ ಕೈಯಿಂದ ಹಗ್ಗದ ತುದಿ ಬಿಡಿಸಿಕೊಂಡರು.

"ನಿನ್ನ ಅಣ್ಣ ಇನ್ನೂ ಬದುಕಿದ್ದಾನಲ್ಲ, ಹೋಗು."