ಎರಡೆಳೆ ಅಂಗಳ

ನಮ್ಮ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಇಂದು ಸಾವಿರ ಕುರ್ಚಿ, ನಾಲ್ಕು ದೀಪಸ್ತಂಭ, ಹಸಿರು ಕೃತಕ ಹುಲ್ಲು ಎಲ್ಲ ಬಂದಿವೆ. ಫಲಕದ ಮೇಲೆ ಯಾವುದೋ ದೊಡ್ಡ ಹೆಸರಿದೆ. ಆಟೋದವನಿಗೆ ಅದನ್ನು ಹೇಳಿ ನೋಡಿ, ಮಿಕಿಮಿಕಿ ನೋಡುತ್ತಾನೆ. ‘ಎರಡೆಳೆ ಅಂಗಳ’ ಎಂದರೆ ಮಾತ್ರ ನೇರ ಗೇಟಿಗೆ ತಂದು ಇಳಿಸುತ್ತಾನೆ.

ಹಿಂದೆ ಒಮ್ಮೆ ಇದು ಬರಿಯ ಎರೆಮಣ್ಣಿನ ಬಯಲಾಗಿತ್ತು, ತಗಡಿನ ಚಪ್ಪರವೊಂದೇ ನೆರಳು ಎನ್ನುತ್ತಾರೆ. ಎನ್ನುವುದೇನು, ನಾನೇ ಅಲ್ಲಿ ಆಡಿದವಳು! ಕಸಗುಡಿಸುವ ನೀಲಗಂಗವ್ವನೇ ಆಟದ ಗೆರೆಗಳನ್ನೂ ರಂಗೋಲಿ ಪುಡಿಯಲ್ಲಿ ಎಳೆಯುತ್ತಿದ್ದಳು. ಹಗ್ಗ ಬೇಡ, ಅಳತೆ ಬೇಡ, ಬಗ್ಗಿದಳೆಂದರೆ ಗೆರೆ ನೆಟ್ಟಗೆ. ಆದರೆ ಚೆಂಡು ಒಳಗೆ ಬಿದ್ದು ಫೇರೋ, ಹೊರಗೆ ಬಿದ್ದು ಫೌಲೋ ಎಂದು ತೋರಿಸುವ ಗೆರೆಯನ್ನು ಅವಳು ಒಂಟಿಯಾಗಿ ಎಳೆಯಲೊಲ್ಲಳು. ಪಕ್ಕದಲ್ಲಿ ಗೇಣು ಬಿಟ್ಟು ಇನ್ನೊಂದು ಎಳೆಯಲೇಬೇಕು. “ಒಂಟಿ ಎಳಿ ತಿಥಿ ದಿನ ಹಾಕ್ತಾರ್ರಿ. ಆಡೋ ಹುಡುಗ್ಯಾರ ಮುಂದ ಹಾಕ್ಲೇನು?” ಎನ್ನುತ್ತಿದ್ದಳು. ಕ್ರೀಡಾಧಿಕಾರಿ ಹಲಗತ್ತಿಯವರು ಬೈದು ಬೈದು ಸುಸ್ತಾದರು. “ಈ ಸಲ ಪಂದ್ಯದಾಗ ನಿನ್ನಿಂದ ತಕರಾರು ಬಂದ್ರ, ಕೆಲಸ ಹೋತಂತ ತಿಳ್ಕೊ” ಎಂದರು. ಗಂಡನಿಲ್ಲದ ಹೆಂಗಸು, ಆ ಕೆಲಸವೇ ಅವಳ ಅನ್ನ.

ತಕರಾರು ಫೈನಲ್‌ನಲ್ಲಿಯೇ ಬಂತು, ಅದೂ ನನ್ನ ಬ್ಯಾಟಿನಿಂದ. ಕೊನೆಯ ಸರದಿಯಲ್ಲಿ ನಾನು ಹೊಡೆದ ಚೆಂಡು ಹೋಗಿ ಸರಿಯಾಗಿ ಎರಡು ಎಳೆಗಳ ನಡುವೆ ಬಿತ್ತು. ಹೊರಗಿನದು ಆಟದ ಗೆರೆಯಾದರೆ ಚೆಂಡು ಫೇರ್, ಕಪ್ ನಮ್ಮದು. ಒಳಗಿನದಾದರೆ ಫೌಲ್. ಅಂಪೈರ್ ತಲೆ ಕೆರೆದುಕೊಂಡು ಕಡೆಗೆ ನೀಲಗಂಗವ್ವನನ್ನೇ ಕರೆಸಿದರು. ಹಲಗತ್ತಿಯವರು ದೂರದಿಂದಲೇ ಹೊರಗಿನದೆನ್ನು ಎಂದು ಕಣ್ಸನ್ನೆ ಮಾಡುತ್ತಿದ್ದರು. ಅವಳು ನನ್ನ ಮುಖ ನೋಡಿದಳು. “ಒಳಗಿಂದು ಆಟದ್ದರಿ. ಹೊರಗಿಂದು ಇವರ ಒಳ್ಳೇದಕ್ಕ ಹಾಕಿದ್ದು” ಎಂದಳು. ಮುಂದಿನ ಎಸೆತಕ್ಕೆ ನಾನು ಔಟ್. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ನೀಲಗಂಗವ್ವ ಇರಲಿಲ್ಲ. ಬಯಲಲ್ಲಿ ಸುಣ್ಣದ ಒಂದೇ ಒಂದು ಗೆರೆ. ಅವಳು ಹೇಳುತ್ತಿದ್ದ ತಿಥಿಯ ಎಳೆ. ಬೂಟು ಬಿಚ್ಚಿ ಕೂತುಬಿಟ್ಟೆ. ಒಬ್ಬೊಬ್ಬಳಾಗಿ ತಂಡವೆಲ್ಲ ಬಿಚ್ಚಿ ಕೂತಿತು. “ಆಕಿ ಬರೂತನಕ ಆಡಂಗಿಲ್ರಿ” ಎಂದೆ. ಮೂರನೆಯ ದಿನ ಹಲಗತ್ತಿಯವರೇ ಅವಳ ಮನೆಗೆ ಹೋಗಿ ಕರೆತಂದರು.

ಆಮೇಲೆ ಚಪ್ಪರ ಹೋಗಿ ಕಲ್ಲಿನ ಮೆಟ್ಟಿಲು ಬಂದವು, ಮೆಟ್ಟಿಲು ಹೋಗಿ ಕುರ್ಚಿ ಬಂದವು, ವಯಸ್ಸಾಗಿ ನೀಲಗಂಗವ್ವನೂ ಹೋದಳು. ಈಗ ಬಿಳಿ ಗೆರೆ ಹುಲ್ಲಿನಲ್ಲೇ ನೇಯ್ದು ಬರುತ್ತದೆ. ಪಂದ್ಯದ ದಿನ ಬಂದು ನೋಡಿ: ಅದರ ಹೊರಗೆ, ಗೇಣು ದೂರದಲ್ಲಿ, ರಂಗೋಲಿಯ ಇನ್ನೊಂದು ಎಳೆ ಇರುತ್ತದೆ, ಸ್ವಲ್ಪ ಸೊಟ್ಟ. ನನ್ನ ಕೈ ಅವಳದರಷ್ಟು ನೆಟ್ಟಗಿಲ್ಲ. ಎರಡರ ನಡುವೆ ಬಿದ್ದ ಚೆಂಡು ಇಂದಿಗೂ ಫೌಲೇ.